ಪ್ಲೇಹೋಮ್ ನೋಡೋಕೆ ಹೋದ್ರೆ ಗೋಡೆ ಬಿಡಿ, ನೆಲ ನೋಡಿ

ನಾವು ಮೊದಲು ನೋಡಿದ ಪ್ಲೇಹೋಮ್‌ನಲ್ಲಿ ಕಾಫಿ ಕೊಟ್ಟಿದ್ರು. ಸಾಯಂಕಾಲ ನಾಲ್ಕಕ್ಕೆ ಬನ್ನಿ ಅಂತ ಅವರೇ ಟೈಮ್ ಹೇಳಿದ್ದು. ನಾನೂ ನನ್ನ ಗಂಡನೂ ಅರ್ಧ ದಿನ ರಜೆ ಹಾಕಿ ಹೋಗಿದ್ವಿ. ಗೋಡೆ ತುಂಬಾ ಜಿರಾಫೆ, ಮೋಡ, ಕಾಮನಬಿಲ್ಲು. ಎಸಿ ಇದೆ ಮೇಡಂ, ಸಿಸಿಟಿವಿ ಇದೆ ಮೇಡಂ, ಆ್ಯಪ್‌ನಲ್ಲಿ ಆಫೀಸಿಂದಲೇ ಮಗುವನ್ನು ನೋಡ್ಕೋಬಹುದು ಮೇಡಂ. ಇಪ್ಪತ್ತು ನಿಮಿಷದಲ್ಲಿ ಇಡೀ ಕಟ್ಟಡ ತೋರಿಸಿದರು. ಮೇಲಿನ ಮಹಡಿಗೆ ಮಾತ್ರ ಬೇಡ, ಡೇಕೇರ್ ಮಕ್ಕಳು ಮಲಗಿದ್ದಾರೆ ಅಂದರು. ಎಷ್ಟು ಚೆನ್ನಾಗಿ ನೋಡ್ಕೋತಾರೆ, ನಿದ್ದೆ ಕೆಡಿಸೋಕೂ ಬಿಡಲ್ಲ ಅಂತ ನಾವು ಖುಷಿಪಟ್ಟೆವು.

ಎರಡು ದಿನ ಕಳೆದು, ವಾಪಸ್ ಬಾರದ ಅಡ್ಮಿಷನ್ ಫೀ ಕಟ್ಟಿ ಆದಮೇಲೆ ನನಗೆ ಹೊಳೆಯಿತು. ಅಲ್ಲಿ ನಾವು ಒಂದೇ ಒಂದು ಮಗುವಿನ ಮುಖ ನೋಡಿರಲಿಲ್ಲ.

ಮಗಳಿಗೆ ಆಗ ಎರಡು ವರ್ಷ ನಾಲ್ಕು ತಿಂಗಳು. ಮೊದಲ ವಾರ ಅತ್ತಳು. ಎಲ್ಲ ಮಕ್ಕಳೂ ಅಳ್ತಾರೆ ಅಂತ ಎಲ್ಲರೂ ಹೇಳಿದರು, ಅದು ನಿಜವೂ ಹೌದು. ಎರಡನೇ ವಾರದಿಂದ ಅಳು ನಿಂತಿತು, ಮಾತೂ ಕಡಿಮೆಯಾಯಿತು. ನೀರಿನ ಬಾಟಲ್ ಬೆಳಿಗ್ಗೆ ತುಂಬಿಸಿ ಕಳಿಸಿದ್ದು ಸಾಯಂಕಾಲ ಹಾಗೇ ತುಂಬಿ ಬರುತ್ತಿತ್ತು. ಕೇಳಿದರೆ, 'ಕುಡೀತಾಳೆ ಮೇಡಂ, ನಾವು ಮತ್ತೆ ತುಂಬಿಸ್ತೀವಿ' ಅಂದರು. ಒಂದು ದಿನ ನಾನು ಬಾಟಲಿನ ತಳಕ್ಕೆ ಎರಡು ಎಳೆ ಜೀರಿಗೆ ಹಾಕಿ ಕಳಿಸಿದೆ. ನಾಚಿಕೆ ಆಗುತ್ತೆ ಹೇಳೋಕೆ, ಆದರೆ ಕಳಿಸಿದೆ. ಸಾಯಂಕಾಲ ಎರಡೂ ಅಲ್ಲೇ ಇದ್ದವು.

ಆ ಬಾಟಲಿನ ಮುಚ್ಚಳ ಬಿಗಿ. ಅವಳ ಕೈಗೆ ಬರಲ್ಲ. ಮನೆಯಲ್ಲಿ ಅವಳು ನೀರಿಗೆ 'ನೀಲು' ಅನ್ನುತ್ತಾಳೆ. ಆ ಕ್ಲಾಸಿನಲ್ಲಿ ಇಂಗ್ಲಿಷ್ ಮಾತ್ರ ಅನ್ನೋದು ರೂಲ್ಸು, ಮೇಲಾಗಿ ಮಿಸ್‌ಗೆ ಕನ್ನಡ ಬರುತ್ತಿರಲಿಲ್ಲ. ಮಗು 'ನೀಲು' ಅಂದರೆ ಅಲ್ಲಿ ಯಾರಿಗೂ ಅರ್ಥ ಆಗುತ್ತಿರಲಿಲ್ಲ. ಅದೇ ವಾರ ಊರಿಂದ ಬಂದಿದ್ದ ನನ್ನ ಅಮ್ಮ ಫೋನಿನಲ್ಲಿ ಜೋರಾಗಿ ಮಾತಾಡುತ್ತಿದ್ದಾಗ ಇವಳು ಎದ್ದು ಹೋಗಿ, ಅಜ್ಜಿಯ ತುಟಿ ಮೇಲೆ ಬೆರಳಿಟ್ಟು, 'ಫಿಂಗರ್ ಆನ್ ಯುವರ್ ಲಿಪ್ಸ್' ಅಂದಳು. ಅಷ್ಟು ಉದ್ದದ ವಾಕ್ಯ ಅವಳ ಬಾಯಲ್ಲಿ ಅದೇ ಮೊದಲು. ಅಮ್ಮ ನಗುತ್ತಾ ನನ್ನ ಕಡೆ ನೋಡಿದರು, ನನ್ನ ಮುಖ ನೋಡಿ ನಗು ನಿಲ್ಲಿಸಿದರು.

ಆರು ವಾರಕ್ಕೆ ಬಿಡಿಸಿದೆವು. ದುಡ್ಡು ಹೋಯಿತು. ಅಮ್ಮ ಎರಡು ತಿಂಗಳು ಇಲ್ಲೇ ಉಳಿದರು, ಅಪ್ಪ ಊರಲ್ಲಿ ತಾವೇ ಅನ್ನ ಮಾಡಿಕೊಂಡರು. ಆ ಎರಡು ತಿಂಗಳಲ್ಲಿ ನಾವು ಬೆಂಗಳೂರಿನ ನಮ್ಮ ಭಾಗದಲ್ಲಿ ಒಂಬತ್ತು ಜಾಗ ನೋಡಿದೆವು. ಈ ಸಲ ಕಾಫಿ ಕುಡಿಯಲಿಲ್ಲ.

ಯಾವ ಹೊತ್ತಿಗೆ ಹೋಗಬೇಕು?

ಅವರು ಹೇಳಿದ ಹೊತ್ತಿಗೆ ಒಂದು ಸಲ ಹೋಗಿ, ತಪ್ಪಿಲ್ಲ. ಆಮೇಲೆ ಬೆಳಿಗ್ಗೆ ಹತ್ತೂವರೆಗೆ ಒಂದು ಸಲ, ಮಧ್ಯಾಹ್ನ ಎರಡಕ್ಕೆ ಇನ್ನೊಂದು ಸಲ ಹೋಗಿ. ಹತ್ತೂವರೆಗೆ ಮಕ್ಕಳೆಲ್ಲ ಎಚ್ಚರ ಇರ್ತಾರೆ, ತಿಂಡಿ ಚೆಲ್ಲಿರುತ್ತೆ, ಯಾರೋ ಇಬ್ಬರು ಒಂದೇ ಲಾರಿಗೆ ಕಿತ್ತಾಡ್ತಿರ್ತಾರೆ. ಆಗ ದೊಡ್ಡವರು ಏನು ಮಾಡ್ತಾರೆ ಅನ್ನೋದೇ ನೀವು ನೋಡಬೇಕಾದ್ದು. ದೂರದಿಂದಲೇ ಹೆಸರು ಹಿಡಿದು ಕೂಗ್ತಾರಾ, ಹತ್ತಿರ ಹೋಗಿ ಮಂಡಿಯೂರಿ ಮಗುವಿನ ಕಣ್ಣಿನ ಮಟ್ಟಕ್ಕೆ ಇಳಿದು ಮಾತಾಡ್ತಾರಾ? ಅಳ್ತಿರೋ ಮಗುವನ್ನು ಎತ್ತಿಕೊಳ್ತಾರಾ, 'ಗುಡ್ ಗರ್ಲ್ ಅಳಲ್ಲ' ಅಂತ ಸುಮ್ಮನಿರಿಸ್ತಾರಾ? ಮೂಗು ಸೋರ್ತಿದ್ದರೆ ಯಾರು ಒರೆಸ್ತಾರೆ, ಒರೆಸಿದ ಮೇಲೆ ಅವರು ಕೈ ತೊಳೀತಾರಾ?

ನಾನು ಗೋಡೆ ನೋಡೋದು ಬಿಟ್ಟು ನೆಲ ನೋಡೋಕೆ ಶುರು ಮಾಡಿದ್ದು ಆಗಲೇ. ದೊಡ್ಡವರು ನೆಲದ ಮೇಲೆ ಕೂತಿದ್ದರೆ ನನಗೆ ಅರ್ಧ ಧೈರ್ಯ. ಆಟದ ಸಾಮಾನು ಮಗುವಿನ ಕೈಗೆ ಎಟುಕುವ ಕಡೆ ಇದೆಯೋ, ಬೀರುವಿನ ಮೇಲೆ ಪ್ರದರ್ಶನಕ್ಕೆ ಇದೆಯೋ? ಮಕ್ಕಳು ಬಿಡಿಸಿದ ಚಿತ್ರ ಮಕ್ಕಳ ಎತ್ತರಕ್ಕೆ ಅಂಟಿಸಿದ್ದಾರೋ, ನಮ್ಮ ಎತ್ತರಕ್ಕೋ? ಮೂವತ್ತು ಮಕ್ಕಳ ಮೂವತ್ತು ಸೇಬೂ ಒಂದೇ ಥರ ಕೆಂಪಗೆ, ಗೆರೆ ದಾಟದೆ ಇದ್ದರೆ ಅದು ಮಿಸ್ ಬಿಡಿಸಿದ ಸೇಬು ಅಂತ ತಿಳಿದುಕೊಳ್ಳಿ.

ಎರಡು ಗಂಟೆ ಹೊತ್ತಿನ ಭೇಟಿ ಇನ್ನೂ ಮುಖ್ಯ. ಫುಲ್ ಡೇ ಡೇಕೇರ್‌ಗೆ ಹಾಕೋ ನಮ್ಮಂಥವರು ಮರೆಯೋದು ಇದನ್ನೇ. ಟ್ರೇನಿಂಗ್ ಆದ ಮಿಸ್‌ಗಳು ಬಹಳ ಕಡೆ ಮಧ್ಯಾಹ್ನ ಹೊರಟುಬಿಡ್ತಾರೆ. ಅಲ್ಲಿಂದ ನೀವು ಸಿಲ್ಕ್ ಬೋರ್ಡ್ ದಾಟಿ ಬರೋ ತನಕ ಮಗು ಇರೋದು ಆಯಮ್ಮನ ಜೊತೆ. ಉಣ್ಣಿಸೋದು, ಡೈಪರ್ ಬದಲಿಸೋದು, ಮಲಗಿಸೋದು ಎಲ್ಲ ಅವರೇ. ಆದರೆ ನಮಗೆ ಪರಿಚಯ ಮಾಡಿಸೋದು ಪ್ರಿನ್ಸಿಪಾಲರನ್ನ. ಆಯಮ್ಮನ ಜೊತೆ ಐದು ನಿಮಿಷ ಮಾತಾಡಬಹುದಾ ಅಂತ ಕೇಳಿ. ಎಷ್ಟು ವರ್ಷದಿಂದ ಇಲ್ಲಿದ್ದೀರಿ ಅಂತ ವಿಚಾರಿಸಿ. ಆರು ತಿಂಗಳಿಗೊಮ್ಮೆ ಜನ ಬದಲಾಗೋ ಜಾಗದಲ್ಲಿ ಮಗು ಪ್ರತಿ ಸಲ ಹೊಸದಾಗಿ ಯಾರನ್ನೋ ನಂಬಬೇಕಾಗುತ್ತೆ. ನಾವು ನೋಡಿದ ಒಂದು ಕಡೆ ಆಯಮ್ಮ ಹನ್ನೊಂದು ವರ್ಷದಿಂದ ಇದ್ದರು. ಗೇಟಿನ ಹೊರಗೆ ಹೈಸ್ಕೂಲ್ ಹುಡುಗ ಒಬ್ಬ ಸೈಕಲ್ ನಿಲ್ಲಿಸಿ ಅವರನ್ನು ಮಾತಾಡಿಸಿಕೊಂಡು ಹೋದ. ಯಾವ ಬ್ರೋಷರೂ ಇದನ್ನು ಹೇಳಲ್ಲ.

ಅಪರಿಚಿತರನ್ನು ಒಳಗೆ ಬಿಡಲ್ಲ ಅಂದರೆ ಅದು ಒಳ್ಳೇದೇ, ಸಿಟ್ಟಾಗಬೇಡಿ. ಗಾಜಿನ ಆಚೆಯಿಂದ ಅರ್ಧ ಗಂಟೆ ನೋಡೋಕೆ ಬಿಡ್ತಾರಾ ಕೇಳಿ. ಅದಕ್ಕೂ ಇಲ್ಲ ಅಂದರೆ ಮುಂದಿನ ಬೀದಿಗೆ ನಡೀರಿ.

ಮೂವತ್ತು–ನಲವತ್ತು ಸೈಟಿನ ಲೆಕ್ಕ

ಕೇಂದ್ರ ಸರ್ಕಾರದ 2013ರ ಬಾಲ್ಯಪೂರ್ವ ಆರೈಕೆ ಮತ್ತು ಶಿಕ್ಷಣ ನೀತಿಯಲ್ಲಿ ಗುಣಮಟ್ಟಕ್ಕೆ ಕೆಲವು ಲೆಕ್ಕಗಳಿವೆ. ಮೂರು ವರ್ಷದೊಳಗಿನ ಮಕ್ಕಳಾದರೆ 10 ಮಕ್ಕಳಿಗೆ ಒಬ್ಬರು ದೊಡ್ಡವರು, ಮೂರರಿಂದ ಆರು ವರ್ಷದವರಾದರೆ 20ಕ್ಕೆ ಒಬ್ಬರು. 30 ಮಕ್ಕಳಿಗೆ ಕನಿಷ್ಠ 35 ಚದರ ಮೀಟರ್ ಕೋಣೆ, ಹೊರಗೆ ಆಡೋಕೆ 30 ಚದರ ಮೀಟರ್ ಜಾಗ.

ಚದರ ಮೀಟರ್ ಅಂದರೆ ನಮಗೆ ತಲೆಗೆ ಹೋಗಲ್ಲ, ಅಡಿಯಲ್ಲೇ ಹೇಳ್ತೀನಿ. 35 ಚದರ ಮೀಟರ್ ಅಂದರೆ ಸುಮಾರು 375 ಚದರ ಅಡಿ. ಬೆಂಗಳೂರಿನ ಎಷ್ಟೋ ಪ್ಲೇಹೋಮ್‌ಗಳು 30x40 ಸೈಟಿನ ಬಾಡಿಗೆ ಮನೆಗಳಲ್ಲೇ ನಡೆಯೋದು. ಅಲ್ಲಿ 10x12ರ ಬೆಡ್‌ರೂಮೇ ಕ್ಲಾಸ್‌ರೂಮ್. ಈ ಲೆಕ್ಕದಲ್ಲಿ ಆ ರೂಮಿಗೆ ಹತ್ತು ಮಕ್ಕಳು ಹಿಡಿಸ್ತಾರೆ ಅಷ್ಟೇ. ಹದಿನೆಂಟು ಕುರ್ಚಿ ಎಣಿಸಿದರೆ ಉತ್ತರ ಗೊತ್ತಾಯಿತು. ಆಟದ ಜಾಗ 320 ಅಡಿಗೂ ಚೂರು ಹೆಚ್ಚು ಬೇಕು. ಕಾರ್ ಪಾರ್ಕಿಂಗ್‌ನಲ್ಲಿ ಹಸಿರು ಮ್ಯಾಟ್ ಹಾಸಿ, ಪ್ಲಾಸ್ಟಿಕ್ ಜಾರುಬಂಡಿ ಇಟ್ಟು 'ಔಟ್‌ಡೋರ್ ಪ್ಲೇ ಏರಿಯಾ' ಅನ್ನೋದನ್ನ ನಾವು ನಾಲ್ಕು ಕಡೆ ನೋಡಿದೆವು. ಹತ್ತಿರದಲ್ಲಿ ಪಾರ್ಕ್ ಇದ್ದು, ದಿನಾ ಕರೆದುಕೊಂಡು ಹೋಗ್ತಾರೆ ಅಂದರೆ ನಾನೇನೋ ಒಪ್ಪಿಕೊಳ್ತೀನಿ.

ಎರಡು ವರ್ಷದ ಮಕ್ಕಳಿಗೆ ಹತ್ತಕ್ಕೊಬ್ಬರು ಅನ್ನೋದೇ ನನ್ನ ಪ್ರಕಾರ ಜಾಸ್ತಿಯಾಯಿತು. ಒಂದು ಮಗುವನ್ನು ಸಂಭಾಳಿಸೋಕೇ ನಾವು ಮೂರು ಜನ ಬೇಕು. ಹಾಗಾಗಿ ಆ ಸಂಖ್ಯೆಯನ್ನು ಕನಿಷ್ಠ ಅಂತಲೇ ಇಟ್ಟುಕೊಳ್ಳಿ. 'ನಮ್ಮಲ್ಲಿ ಇಷ್ಟಕ್ಕೆ ಒಬ್ಬರು' ಅಂತ ಅವರು ಹೇಳೋದನ್ನ ಕೇಳಬೇಡಿ, ನೀವೇ ತಲೆ ಎಣಿಸಿ. ಆಫೀಸಿನಲ್ಲಿ ಫೋನ್ ಎತ್ತೋರನ್ನು, ಅಡುಗೆಯವರನ್ನು ಸೇರಿಸಿ ಎಣಿಸೋ ಜಾಣತನ ಕೆಲವು ಕಡೆ ಇದೆ.

ಬೋರ್ಡಿನ ಮೇಲೆ ಮಾಂಟೆಸ್ಸರಿ

ಮಾರಿಯಾ ಮಾಂಟೆಸ್ಸರಿ ಇಟಲಿಯ ವೈದ್ಯೆ. 1907ರಲ್ಲಿ ರೋಮ್ ನಗರದ ಬಡವರ ಬಡಾವಣೆಯೊಂದರಲ್ಲಿ ತಮ್ಮ ಮೊದಲ ಮಕ್ಕಳ ಮನೆ ತೆರೆದರು. 1939ರಲ್ಲಿ ಮದ್ರಾಸಿನ ಅಡ್ಯಾರ್‌ಗೆ ಬಂದರು. ಎರಡನೇ ಮಹಾಯುದ್ಧ ಶುರುವಾಗಿ ಇಲ್ಲೇ ಉಳಿಯಬೇಕಾಯಿತು, ಆ ವರ್ಷಗಳಲ್ಲಿ ಭಾರತದ ಎಷ್ಟೋ ಶಿಕ್ಷಕರಿಗೆ ತರಬೇತಿ ಕೊಟ್ಟರು. ಆದ್ದರಿಂದ ಈ ಪದ್ಧತಿ ನಮಗೆ ಹೊಸದೇನಲ್ಲ. ತೊಂದರೆ ಏನೆಂದರೆ, ಈ ಹೆಸರನ್ನು ಯಾರು ಬೇಕಾದರೂ ಬೋರ್ಡಿಗೆ ಹಾಕಿಕೊಳ್ಳಬಹುದು.

ನಿಜವಾದ ಮಾಂಟೆಸ್ಸರಿ ಮನೆಯಲ್ಲಿ ಸುಮಾರು ಮೂರರಿಂದ ಆರು ವರ್ಷದ ಮಕ್ಕಳು ಒಟ್ಟಿಗೇ ಇರ್ತಾರೆ. ದೊಡ್ಡವರನ್ನು ನೋಡಿ ಚಿಕ್ಕವರು ಕಲೀತಾರೆ. ಪ್ರತಿ ಸಲಕರಣೆ ಸಾಮಾನ್ಯವಾಗಿ ಒಂದೊಂದೇ ಇರುತ್ತೆ. ಬೇಕು ಅಂದರೆ ಕಾಯಬೇಕು, ಕಾಯೋದೂ ಪಾಠದ ಭಾಗ. ಬೆಳಿಗ್ಗೆ ಗಂಟೆ ಬಾರಿಸದೆ, ನಡುವೆ ಎಬ್ಬಿಸದೆ ಎರಡು ಮೂರು ಗಂಟೆ ಮಗು ತನಗೆ ಬೇಕಾದ ಕೆಲಸ ಮಾಡುತ್ತೆ. ನಾವು ನೋಡಿದ ಒಂಬತ್ತರಲ್ಲಿ ಐದು ಕಡೆ ಬೋರ್ಡಿನಲ್ಲಿ ಮಾಂಟೆಸ್ಸರಿ ಅಂತ ಇತ್ತು. ಎರಡು ಕಡೆ ಮಾತ್ರ ಈ ಮೂರೂ ಇದ್ದವು. ಒಂದು ಕಡೆ ಪಿಂಕ್ ಟವರ್ ಗಾಜಿನ ಬೀರುವಿನೊಳಗೆ ಬೀಗ ಹಾಕಿಕೊಂಡು ಕೂತಿತ್ತು!

ಮಾಂಟೆಸ್ಸರಿ ಅಲ್ಲದ ಒಳ್ಳೆ ಜಾಗಗಳೂ ಬೇಕಾದಷ್ಟಿವೆ. 'ಪ್ಲೇ–ವೇ' ಅಂತ ಬೋರ್ಡಿದ್ದರೆ ಆಟ ಆಡಿಸ್ತಾರಾ ನೋಡಿ, ಅಷ್ಟೇ.

'ಎ ಟು ಝಡ್ ಬರೀತಾಳಾ?'

ಸಂಬಂಧಿಕರ ಮದುವೆಯಲ್ಲಿ ಈ ಪ್ರಶ್ನೆ ತಪ್ಪಿಸಿಕೊಳ್ಳೋಕೆ ಆಗಲ್ಲ. ಯಾರದೋ ಮೂರು ವರ್ಷದ ಮಗ ನೂರರ ತನಕ ಬರೀತಾನೆ, ನಮ್ಮದು ಇನ್ನೂ ಮಣ್ಣಲ್ಲಿ ಆಡುತ್ತೆ. ಪ್ಲೇಹೋಮ್‌ನವರಿಗೂ ಈ ಭಯ ಗೊತ್ತು, ಅದಕ್ಕೇ ಮಾರ್ಚ್ ಬಂದರೆ ವರ್ಕ್‌ಶೀಟ್ ಕಟ್ಟು ಮನೆಗೆ ಬರುತ್ತೆ. ಮಿದುಳಿನ ಬೆಳವಣಿಗೆ ಶೇ. 85ಕ್ಕೂ ಹೆಚ್ಚು ಆರು ವರ್ಷದೊಳಗೇ ಆಗುತ್ತೆ ಅನ್ನೋ ಸಾಲನ್ನು ಬ್ರೋಷರ್‌ಗಳಲ್ಲಿ ನೀವೂ ನೋಡಿರ್ತೀರಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಆ ಮಾತು ಇರೋದು ಹೌದು. ಆದರೆ ಅದೇ ನೀತಿಯ ಬೆನ್ನಿಗೆ 2022ರ ಅಕ್ಟೋಬರ್‌ನಲ್ಲಿ ಬಂದ ಬುನಾದಿ ಹಂತದ ಪಠ್ಯಕ್ರಮ ಚೌಕಟ್ಟು ಏನು ಹೇಳುತ್ತೆ ಅನ್ನೋದನ್ನ ಯಾರೂ ಬ್ರೋಷರ್‌ನಲ್ಲಿ ಹಾಕಲ್ಲ. ಮೂರರಿಂದ ಆರು ವರ್ಷದ ಮಕ್ಕಳಿಗೆ ಪಠ್ಯಪುಸ್ತಕವೇ ಬೇಡ, ಆಟಿಕೆ, ಕಥೆ, ಹಾಡು, ಮಾತುಕತೆಯಲ್ಲಿ ಕಲಿಯಲಿ, ಅದೂ ಆದಷ್ಟು ಮನೆಮಾತಿನಲ್ಲಿ ಅನ್ನೋದು ಅದರ ನಿಲುವು.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತೇನೋ. ಅಕ್ಷರಾಭ್ಯಾಸ ಅಂದರೆ ತಟ್ಟೆಯ ಅಕ್ಕಿಯಲ್ಲಿ ಬೆರಳಾಡಿಸೋದು, ಪೆನ್ಸಿಲ್ ಹಿಡಿಸೋದಲ್ಲ. ಚಪಾತಿ ಹಿಟ್ಟು ನಾದಿ, ಮಣಿ ಪೋಣಿಸಿ, ಬಟಾಣಿ ಬಿಡಿಸಿ ಬೆರಳಿಗೆ ಶಕ್ತಿ ಬಂದಮೇಲೆ ಪೆನ್ಸಿಲ್ ತಾನಾಗಿ ನಿಲ್ಲುತ್ತೆ.

ಅವಸರಕ್ಕೆ ಕಾರಣವೂ ಇಲ್ಲ. ಕರ್ನಾಟಕದಲ್ಲಿ ಒಂದನೇ ಕ್ಲಾಸಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು. 2025–26ಕ್ಕೆ ಮಾತ್ರ ಐದು ವರ್ಷ ಐದು ತಿಂಗಳಿಗೆ ಸಡಿಲಿಸಿದ್ದರು. ನಿಮ್ಮ ಮಗು 2023ರ ಆಗಸ್ಟ್‌ನಲ್ಲಿ ಹುಟ್ಟಿದ್ದರೆ ಒಂದನೇ ಕ್ಲಾಸು 2030ರ ಜೂನ್‌ಗೆ. ಅಲ್ಲಿಂದ ಹಿಂದಕ್ಕೆ ಎಣಿಸಿ: ಯುಕೆಜಿ 2029, ಎಲ್‌ಕೆಜಿ 2028, ನರ್ಸರಿ 2027. ಎರಡು ವರ್ಷಕ್ಕೇ ಸೇರಿಸಿ 'ಒಂದು ವರ್ಷ ಉಳೀತು' ಅಂದುಕೊಂಡವರು ಆಮೇಲೆ ಯುಕೆಜಿಯನ್ನೇ ಎರಡು ಸಲ ಓದಿಸಬೇಕಾಗಿ ಬಂದಿದೆ. ಅಡ್ಮಿಷನ್‌ಗೆ ಮೊದಲೇ ಈ ಲೆಕ್ಕ ಹಾಕಿಬಿಡಿ.

ಇನ್ನು ಭಾಷೆ. 'ಮನೆಯಲ್ಲೂ ಇಂಗ್ಲಿಷಲ್ಲೇ ಮಾತಾಡಿ' ಅನ್ನೋ ಸಲಹೆ ಕೊಟ್ಟ ಜಾಗಗಳನ್ನು ನಾವು ಅಲ್ಲಿಗೇ ಬಿಟ್ಟೆವು. ಇಂಗ್ಲಿಷ್ ಬೇಡ ಅಂತಲ್ಲ. ನನ್ನ ಸಂಬಳ ಬರೋದೇ ಇಂಗ್ಲಿಷಿಂದ. ಆದರೆ ಎರಡು ವರ್ಷದ ಮಗುವಿಗೆ ಬಾಯಾರಿಕೆ, ಉಚ್ಚೆ, ಹೊಟ್ಟೆನೋವು, ಭಯ ಇಷ್ಟನ್ನಾದರೂ ತನ್ನ ಮಾತಿನಲ್ಲಿ ಹೇಳಿಕೊಳ್ಳೋಕೆ ಒಬ್ಬರು ಬೇಕು. ಮನೆಯಲ್ಲಿ ತುಳುವೋ, ಕೊಂಕಣಿಯೋ, ಉರ್ದುವೋ ಆಡುವವರು ಈ ಪ್ರಶ್ನೆಯನ್ನು ಇನ್ನೂ ಗಟ್ಟಿಯಾಗಿ ಕೇಳಬೇಕು.

ಕೇಳೋಕೆ ಮುಜುಗರ, ಆದರೂ ಕೇಳಿ

ಡೈಪರ್ ಯಾರು ಬದಲಿಸ್ತಾರೆ, ಎಲ್ಲಿ? ಆ ಜಾಗ ಬೇರೆಯವರ ಕಣ್ಣಿಗೆ ಬೀಳುತ್ತಾ? ಕೆಲಸದವರು, ಡ್ರೈವರ್ ಎಲ್ಲರದ್ದೂ ಪೊಲೀಸ್ ವೆರಿಫಿಕೇಷನ್ ಆಗಿದೆಯಾ, ಕಾಗದ ತೋರಿಸ್ತಾರಾ? ನಾನು ಬರದೆ ನನ್ನ ಮೈದುನ ಬಂದರೆ ಮಗುವನ್ನು ಕೊಟ್ಟುಬಿಡ್ತೀರಾ? (ಒಂದು ಕಡೆ 'ಆಂಟಿ ಗುರುತು ಹಿಡಿದರೆ ಕೊಡ್ತೀವಿ' ಅಂದರು. ಯಾವ ಆಂಟಿ?) ಬೆಂಕಿ ಬಿದ್ದರೆ ಇಳಿಯೋಕೆ ಎಷ್ಟು ದಾರಿ, ಮೇಲಿನ ಗ್ರಿಲ್ ಬಾಗಿಲಿಗೆ ಬೀಗ ಹಾಕಿರ್ತೀರಾ, ಬೀಗದ ಕೈ ಯಾರ ಹತ್ತಿರ? ಸಿಸಿಟಿವಿ ಇರಲಿ, ಒಳ್ಳೇದೇ. ಆದರೆ ಹಳೇ ಜಾಗದಲ್ಲಿ ಆರು ವಾರ ನಾನು ಮೀಟಿಂಗ್ ನಡುವೆ ಆ ಆ್ಯಪ್ ನೋಡಿದ್ದೀನಿ. ಮಗಳು ಕೂತಿರೋದು ಕಾಣುತ್ತಿತ್ತು. ಬಾಯಾರಿರೋದು ಕ್ಯಾಮೆರಾದಲ್ಲಿ ಕಾಣಲ್ಲ. ಮಗುವಿಗೆ ಏನಾದರೂ ಆಗಿದೆ ಅನ್ನಿಸಿದರೆ 1098 ಮಕ್ಕಳ ಸಹಾಯವಾಣಿ, ಫೋನಿನಲ್ಲಿ ಸೇವ್ ಮಾಡಿಟ್ಟುಕೊಳ್ಳಿ.

ಕಾಯಿಲೆ ರೂಲ್ಸ್ ಕೇಳಿ. ಹ್ಯಾಂಡ್ ಫುಟ್ ಮೌತ್ ಅನ್ನೋ ಕಾಯಿಲೆ ಡೇಕೇರ್ ಮಕ್ಕಳ ತಾಯಂದಿರಿಗೆಲ್ಲ ಗೊತ್ತು. ಬಾಯಲ್ಲಿ, ಅಂಗೈ ಅಂಗಾಲಲ್ಲಿ ಗುಳ್ಳೆ. ಸಾಮಾನ್ಯವಾಗಿ ವಾರ ಹತ್ತು ದಿನಕ್ಕೆ ತಾನೇ ವಾಸಿಯಾಗುತ್ತೆ, ಆದರೆ ಒಂದು ಮಗುವಿಗೆ ಬಂದರೆ ಇಡೀ ರೂಮಿಗೆ. ಜ್ವರ ಇದ್ದರೆ ಮಗುವನ್ನು ಸೇರಿಸಿಕೊಳ್ಳಲ್ಲ ಅನ್ನೋ ಜಾಗದ ಮೇಲೆ ಕೋಪ ಬರುತ್ತೆ, ಯಾಕೆಂದರೆ ರಜೆ ನಮ್ಮದು ಖಾಲಿ. ಆದರೂ ಆ ಜಾಗವೇ ವಾಸಿ. ಪ್ಯಾರಾಸಿಟಮಾಲ್ ಹಾಕಿ ಕಳಿಸಿಬಿಡೋ ಆಸೆ ನನಗೂ ಬಂದಿದೆ, ಸುಳ್ಳು ಹೇಳಲ್ಲ.

ತಿಂಡಿಯಲ್ಲಿ ಇಡೀ ಕಡ್ಲೆಕಾಯಿ ಬೀಜ, ಇಡೀ ದ್ರಾಕ್ಷಿ ಕೊಡ್ತಾರಾ ನೋಡಿ. ಚಿಕ್ಕ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳೋದು ಅವೇ. ಊಟದ ಹೊತ್ತಿಗೆ ಟಿವಿ ಹಾಕ್ತಾರಾ? ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ, ಕಡಿಮೆಯಾದಷ್ಟೂ ಒಳ್ಳೇದು ಅಂತ. ಆ ಒಂದು ಗಂಟೆ ನಮ್ಮ ಮನೆಯಲ್ಲೇ ಮುಗಿದಿರುತ್ತೆ.

ನಾವು ನೋಡದೇ ಬಿಡುವ ಎರಡು ಬಾಗಿಲು

ಒಂದು ನಿಮ್ಮ ಆಫೀಸಿನದ್ದು. ಕಾನೂನಿನ ಪ್ರಕಾರ 50 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಕ್ರೆಷ್ ಸೌಲಭ್ಯ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಬಹುದು. ನಮ್ಮ ಕಂಪನಿಯಲ್ಲಿ ಇದರ ಬಗ್ಗೆ ಯಾರೂ ಬಾಯಿಬಿಟ್ಟಿರಲಿಲ್ಲ. ಎಚ್‌ಆರ್‌ಗೆ ಮೇಲ್ ಹಾಕಿದಮೇಲೆ ಹತ್ತಿರದ ಡೇಕೇರ್ ಒಂದರ ಜೊತೆ ಒಪ್ಪಂದ ಇದೆ ಅಂತ ಗೊತ್ತಾಯಿತು. ನಮಗೆ ಅದು ದೂರ ಆಯಿತು, ಆದರೆ ನಮ್ಮ ಟೀಮಿನ ಇನ್ನೊಬ್ಬರಿಗೆ ಉಪಯೋಗ ಆಯಿತು.

ಇನ್ನೊಂದು ಅಂಗನವಾಡಿ. ಇದನ್ನು ಹೇಳಿದರೆ ಫ್ರೆಂಡ್ಸ್ ಗ್ರೂಪಿನಲ್ಲಿ ನಗ್ತಾರೆ. 1975ರ ಅಕ್ಟೋಬರ್ 2ರಂದು ಶುರುವಾದ ಈ ಯೋಜನೆಯ ಮೊದಲ ಕೇಂದ್ರಗಳು ಬಂದ ಜಾಗಗಳಲ್ಲಿ ನಮ್ಮ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವೂ ಒಂದು. ಹಾಸನದ ಹತ್ತಿರ ಇರೋ ನನ್ನ ಅಕ್ಕನ ಮಗ ಎರಡು ವರ್ಷ ಅಂಗನವಾಡಿಗೆ ಹೋದ. ಹಾಡು, ಕಥೆ, ಮೊಟ್ಟೆ, ಹಾಲು, ತೂಕ ನೋಡೋದು, ಎಲ್ಲ ಕನ್ನಡದಲ್ಲಿ, ನಡೆದು ಹೋಗುವಷ್ಟು ಹತ್ತಿರ. ಅಲ್ಲಿನ ಕಾರ್ಯಕರ್ತೆಗೆ ಸರ್ವೆ, ದಾಖಲೆ, ಚುನಾವಣೆ ಕೆಲಸ ಅಂತ ಮೈತುಂಬಾ ಹೊರೆ, ಅದೂ ನಿಜ. ನಗರದಲ್ಲಿ ನಮ್ಮಂಥವರಿಗೆ ಸಮಯ ಹೊಂದಲ್ಲ, ಆಫೀಸ್ ಮುಗಿಯೋ ತನಕ ಅದು ತೆರೆದಿರಲ್ಲ. ಆದರೆ ಅಜ್ಜಿ–ತಾತ ಮನೆಯಲ್ಲಿದ್ದು, ಮೂರು ವರ್ಷದ ಮಗುವಿಗೆ ಬೆಳಿಗ್ಗೆ ಜೊತೆ ಬೇಕು ಅಷ್ಟೇ ಅನ್ನೋರು ಒಂದು ಸಲ ಹೋಗಿ ನೋಡಿ ಬನ್ನಿ.

ಒಂಬತ್ತನೆಯ ಜಾಗ

ಕೊನೆಗೆ ನಾವು ಸೇರಿಸಿದ್ದು ನಮ್ಮ ಮನೆಯಿಂದ ಮೂರು ಕ್ರಾಸ್ ಆಚೆ, ರೆಡ್ ಆಕ್ಸೈಡ್ ನೆಲದ ಒಂದು ಹಳೇ ಮನೆಗೆ. ಎಸಿ ಇಲ್ಲ. ಆ್ಯಪ್ ಇಲ್ಲ. ಫೀಸು ಮೊದಲಿನ ಜಾಗಕ್ಕಿಂತ ಕಡಿಮೆಯೇನಿಲ್ಲ, ಆರೂವರೆ ದಾಟಿದರೆ ಲೇಟ್ ಚಾರ್ಜ್ ಬೇರೆ. ಹಿಂದುಗಡೆ ಮಣ್ಣಿನ ಅಂಗಳ, ಒಂದು ಸೀಬೆ ಮರ. ನಾವು ಹೋದ ದಿನ ಒಬ್ಬ ಹುಡುಗ ಲೋಟದಿಂದ ಲೋಟಕ್ಕೆ ನೀರು ಸುರಿಯುತ್ತಾ ಎಲ್ಲ ಚೆಲ್ಲಿದ. ಯಾರೂ ಕೂಗಲಿಲ್ಲ. ಅವನೇ ಮೂಲೆಯಿಂದ ಚಿಕ್ಕ ಬಟ್ಟೆ ತಂದು ಒರೆಸಿದ, ಮತ್ತೆ ಸುರಿಯೋಕೆ ಕೂತ.

ನಡೆಸುವವರು ನಮಗೆ ಜಾಗ ತೋರಿಸಿದ್ದು ಹತ್ತು ನಿಮಿಷ. ಆಮೇಲೆ ನಲವತ್ತು ನಿಮಿಷ ಅವರೇ ನಮ್ಮನ್ನು ಕೇಳಿದರು. ಹೇಗೆ ಮಲಗ್ತಾಳೆ, ತಟ್ಟಬೇಕಾ ಬೇಡವಾ, ಯಾವುದಕ್ಕೆ ಹೆದರ್ತಾಳೆ, ಹಿಂದಿನ ಜಾಗ ಯಾಕೆ ಬಿಟ್ಟಿರಿ. ಮೊದಲ ವಾರ ನೀವಿಬ್ಬರಲ್ಲಿ ಒಬ್ಬರು ಇಲ್ಲೇ ಜಗಲಿಯಲ್ಲಿ ಕೂರಬೇಕು, ಆಗುತ್ತಾ ಅಂದರು. ನನ್ನ ಗಂಡ ರಜೆ ಹಾಕಿದರು. ಕೊನೆಗೆ ಒಂದು ನೋಟ್‌ಬುಕ್ ತೆಗೆದು, 'ಊಟಕ್ಕೆ ಏನಂತಾಳೆ?' ಅಂದರು. ಬುವ್ವ ಅಂದೆ. 'ನಿದ್ದೆಗೆ?' ತಾಚಿ. 'ನೀರಿಗೆ?'

ನನಗೆ ತಕ್ಷಣ ಹೇಳೋಕೆ ಆಗಲಿಲ್ಲ. ಗಂಡ ಹೇಳಿದರು. ಅವರು 'ನೀಲು' ಅಂತ ಬರೆದುಕೊಂಡು, ಒಳಗಿದ್ದ ಆಯಮ್ಮನನ್ನು ಕರೆದು ಅದನ್ನೂ ಓದಿ ಹೇಳಿದರು.

ಈಗ ಐದು ತಿಂಗಳಾಯಿತು. ಸೋಮವಾರ ಇನ್ನೂ ಅಳ್ತಾಳೆ, ಗೇಟಿನ ತನಕ. ಬಾಟಲ್ ಖಾಲಿ ಬರುತ್ತೆ, ಕೆಲವು ದಿನ ಮುಚ್ಚಳವೇ ಬರಲ್ಲ.